ಹಿಂಗಾರದ ಬಾಟಲಿ

ನಮ್ಮ ಕಡೆ ಉತ್ತರಕ್ರಿಯೆಯ ದಿನ ಊಟಕ್ಕೆ ಮೊದಲು ನುಡಿನಮನ ಎಂದು ಒಂದು ಕಾರ್ಯಕ್ರಮ ಇರುತ್ತದೆ. ಸತ್ತವರ ಫೋಟೋಕ್ಕೆ ಹಾರ ಹಾಕಿ, ಪಕ್ಕದಲ್ಲಿ ಮೈಕ್ ಇಟ್ಟು, ಬಂದವರಲ್ಲಿ ನಾಲ್ಕು ಜನರಿಂದ ನಾಲ್ಕು ಒಳ್ಳೆಯ ಮಾತು ಹೇಳಿಸುತ್ತಾರೆ. ಒಳಗೆ ಅಡುಗೆಯವರು ಎಲೆ ಹಾಕುವ ತನಕ ಮಾತಾಡಿದರೆ ಸಾಕು. ಮಾಸ್ಟ್ರ ನುಡಿನಮನ ಬೆಳ್ತಂಗಡಿಯಲ್ಲಿ, ಅವರ ಮನೆಯ ಅಂಗಳದಲ್ಲೇ ಆಯಿತು. ನನಗಿಂತ ಮೊದಲು ಮಾತಾಡಿದ ಮೂವರೂ ನೇರ ನುಡಿಯ ಮನುಷ್ಯ, ಯಾರ ಮುಲಾಜಿಗೂ ಬಿದ್ದವರಲ್ಲ ಎಂದರು. ನಾಲ್ಕನೆಯವನು ನಾನು. ಅವರ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವನು, ಈಗ ಅದೇ ಅಂಗಡಿಯ ಯಜಮಾನ. ನಾನು ಸಿದ್ಧಕಟ್ಟೆಯ ಹಿಂಗಾರದ ಕತೆ ಹೇಳಿದೆ. ಗಂಡ ಆಟವಾಡುವ ಕಂಪ್ಯೂಟರನ್ನು ಹೆಂಡತಿ ಪೂಜೆ ಮಾಡಿ ಕೆಡಿಸಿದ್ದನ್ನು ಮಾಸ್ಟ್ರು ಕಂಡುಹಿಡಿದ ಕತೆ. ಜನ ನಕ್ಕರು. ಮಾಸ್ಟ್ರ ಹೆಂಡತಿಯೂ ಕಣ್ಣೊರಸಿಕೊಂಡು ನಕ್ಕರು. ಊಟಕ್ಕೆ ಕೂತಾಗ ಪಾಯಸ ಬಡಿಸುವವನು ನನ್ನ ಎಲೆಗೆ ಎರಡು ಸಲ ಬಂದ.

ಕೈ ತೊಳೆಯುವಲ್ಲಿ ಪರಿಚಯವಿಲ್ಲದ ಒಬ್ಬರು, ಆ ಹೆಂಗಸು ಈಗ ಎಲ್ಲಿದ್ದಾರೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಆರು ವರ್ಷದಿಂದ ನಾನು ವಿಚಾರಿಸಿಯೂ ಇರಲಿಲ್ಲ. ಮೈಕಿನಲ್ಲಿ ನಾನು ಹೇಳಿದ್ದು ಆ ಕತೆಯ ಅರ್ಧ ಮಾತ್ರ. ಉಳಿದರ್ಧ ಹೇಳಿದ್ದರೆ ಯಾರಿಗೂ ಪಾಯಸ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ.

ಮಾಸ್ಟ್ರು ಶಾಲೆಯ ಮಾಸ್ಟ್ರಲ್ಲ. ಬಂಟ್ವಾಳ ಪೇಟೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಟೈಪಿಂಗ್ ಮಿಷನುಗಳು ಮೂಲೆ ಸೇರಿದ ಮೇಲೆ ಅದೇ ಕೋಣೆಯಲ್ಲಿ ಕಂಪ್ಯೂಟರ್ ರಿಪೇರಿ ಶುರು ಮಾಡಿದರು. ಬೋರ್ಡು ಬದಲಾಯಿತು, ಮಾಸ್ಟ್ರು ಎಂಬ ಹೆಸರು ಉಳಿಯಿತು. ತೆಳ್ಳಗಿನ ಆಳು, ತೋಳು ಮಡಚದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು ಮತ್ತು ಒಂದು ಟೆಸ್ಟರ್. ಬಿಚ್ಚಿದ ಸ್ಕ್ರೂಗಳನ್ನು ತುಟಿಗಳ ನಡುವೆ ಕಚ್ಚಿಕೊಳ್ಳುತ್ತಿದ್ದರು. ಹಾಗಿರುವಾಗ ಗಿರಾಕಿ ಏನು ಕೇಳಿದರೂ ಉತ್ತರವಿಲ್ಲ. ಉತ್ತರ ಕೊಡಲು ಮನಸ್ಸಿಲ್ಲದಾಗ ಅವರು ಬಿಚ್ಚುವ ಅಗತ್ಯವಿಲ್ಲದ ಸ್ಕ್ರೂ ಬಿಚ್ಚಿಯಾದರೂ ಬಾಯಿಗೆ ಹಾಕಿಕೊಳ್ಳುತ್ತಿದ್ದರು ಎಂದು ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು.

ಅವರ ಮೂಗು ಅವರ ಕೈಗಿಂತ ಚುರುಕು. ಕಂಪ್ಯೂಟರ್ ಮೇಜಿನ ಮೇಲೆ ಬಂದ ಕೂಡಲೇ ಹಿಂದಿನ ಜಾಲರಿಗೆ ಮೂಗು ಹಿಡಿದು, ಊದುಬತ್ತಿಯ ಮನೆ, ರಬ್ಬರ್ ಶೀಟಿಗೆ ಹೊಗೆ ಹಾಕುವ ಮನೆ, ಮೀನು ಒಣಗಿಸುವ ಮನೆ ಎಂದು ಹೇಳಿಬಿಡುತ್ತಿದ್ದರು. ಹೇಳಿದ್ದು ತಪ್ಪಿದ್ದನ್ನು ನಾನು ಕಾಣೆ. ಕೆಲಸದಲ್ಲಿ ಅವರಿಗೆ ಸಮನಾದವರು ನಮ್ಮ ತಾಲೂಕಿನಲ್ಲಿ ಇರಲಿಲ್ಲ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ನನಗೆ ಗೊತ್ತಿರುವುದೆಲ್ಲ ಅವರು ಕಲಿಸಿದ್ದು. ಬೈದು ಕಲಿಸಿದರು, ಆದರೆ ಮುಚ್ಚಿಟ್ಟು ಕಲಿಸಲಿಲ್ಲ.

ಮೂಗಿನ ಕೆಲಸ ಮುಗಿದ ಮೇಲೆ ಒಂದು ಪ್ರಶ್ನೆ ಬರುತ್ತಿತ್ತು: "ನೀವು ಎಂತ ಮಾಡಿದ್ರಿ?" ಕಂಪ್ಯೂಟರಿಗೆ ಏನಾಗಿದೆ ಎಂದು ಅವರು ಯಾವತ್ತೂ ಕೇಳಲಿಲ್ಲ. ಕೆಟ್ಟದ್ದು ಎಂದರೆ ಯಾರೋ ಕೆಡಿಸಿದ್ದು, ಕೆಡಿಸಿದವರು ಎದುರಿಗೇ ನಿಂತಿದ್ದಾರೆ, ಒಪ್ಪಿಸಬೇಕು ಅಷ್ಟೆ. ನಿವೃತ್ತ ಹೆಡ್ಮಾಸ್ಟರರೊಬ್ಬರು ಕೀಬೋರ್ಡಿಗೆ ಕಷಾಯ ಚೆಲ್ಲಿದ್ದನ್ನು ಹತ್ತು ಜನರ ಎದುರು ಒಪ್ಪಿಕೊಂಡು, ಛತ್ರಿ ಅಂಗಡಿಯಲ್ಲೇ ಬಿಟ್ಟು ಹೋಗಿದ್ದರು. ಆ ಛತ್ರಿ ತೆಗೆದುಕೊಂಡು ಹೋಗಲು ಸಹ ಅವರು ಮತ್ತೆ ಬರಲಿಲ್ಲ.

ಒಪ್ಪಿದರೆ ಮುಗಿಯಿತೇ ಎಂದರೆ, ಇಲ್ಲ. ಗೋಡೆಯಲ್ಲಿ ಒಂದು ಹಲಗೆ, ಹಲಗೆಯಲ್ಲಿ ಸಾಲಾಗಿ ಗಾಜಿನ ಬಾಟಲಿಗಳು. ಯಾವ ಮನೆಯ ಕಂಪ್ಯೂಟರಿನಿಂದ ಏನು ಹೊರಗೆ ಬಂತೋ ಅದು ಬಾಟಲಿಯೊಳಗೆ, ಮೇಲೆ ಆ ಮನೆಯ ಹೆಸರು ದುಂಡಗಿನ ಅಕ್ಷರದಲ್ಲಿ. ಹಲ್ಲಿ ಮೊಟ್ಟೆ, ಜಿರಳೆ, ಕೂದಲ ಕ್ಲಿಪ್ಪು, ಯಾರದೋ ಉದುರಿದ ಹಲ್ಲು. ಗಿರಾಕಿಗಳು ಬೇರೆಯವರ ಬಾಟಲಿ ನೋಡಿ ನಗುತ್ತಿದ್ದರು, ತಮ್ಮ ಪಾಳಿ ಬಂದಾಗ ಹಲಗೆಯ ಕಡೆ ನೋಡುತ್ತಿರಲಿಲ್ಲ. ಆದರೂ ಬರುತ್ತಿದ್ದರು. ಕಾರಣ ಹೇಳಿ ಕೊಡುವ ಅಂಗಡಿ ಎಂದು ಹೆಸರಾಗಿತ್ತು.

ಅಂಗಡಿಯವರನ್ನೂ ಬಿಡದವರು ಎಂಬ ಹೆಸರು ನನ್ನಿಂದ ಬಂದದ್ದು. ಸೇರಿದ ಮೊದಲ ವರ್ಷ ನಾನು ಒಂದು ಕಂಪ್ಯೂಟರಿನೊಳಗೆ ಸ್ಕ್ರೂ ಬಿಟ್ಟು ಮುಚ್ಚಿದ್ದೆ. ಆ ಸ್ಕ್ರೂ ಬಾಟಲಿ ಸೇರಿತು, ಮೇಲೆ ನನ್ನ ಮನೆಯ ಹೆಸರು. ಅದೇ ಸಮಯಕ್ಕೆ ಮಾಣಿ ಎಂಬ ಊರಿನ ಕಡೆಯಿಂದ ನನಗೊಂದು ಹೆಣ್ಣಿನ ಸಂಬಂಧ ಬಂದಿತ್ತು. ಹುಡುಗಿಯ ಅಪ್ಪ ನನ್ನ ವಿಷಯ ವಿಚಾರಿಸಲು ಅಂಗಡಿಗೆ ಬಂದಾಗ ಮಾಸ್ಟ್ರು ಆ ಬಾಟಲಿ ಇಳಿಸಿ ಅವರ ಕೈಗೆ ಕೊಟ್ಟರು. ಆ ಸಂಬಂಧ ಮುಂದೆ ಹೋಗಲಿಲ್ಲ. ನನಗೆ ಸಿಟ್ಟು ಬಂತು, ಆದರೆ ಒಳಗೊಳಗೇ ಹೆಮ್ಮೆಯೂ ಆಯಿತು. ಇಷ್ಟು ಖಡಕ್ ಮನುಷ್ಯನ ಕೈಕೆಳಗೆ ಇದ್ದೇನೆ ಎಂದು. ನನ್ನ ಮಂಗಬುದ್ಧಿ ಆಗ ಅಷ್ಟೇ ಇತ್ತು.

ಇನ್ನು ಸಿದ್ಧಕಟ್ಟೆಯ ಅಕ್ಕ. ಐವತ್ತರ ಹತ್ತಿರದ ಹೆಂಗಸು, ಬೀಡಿ ಕಟ್ಟುತ್ತಿದ್ದರು. ಗಂಡ ಇಪ್ಪತ್ತು ವರ್ಷ ಗಲ್ಫಿನಲ್ಲಿ ಟ್ರೈಲರ್ ಓಡಿಸಿ, ಸಕ್ಕರೆ ಕಾಯಿಲೆಯಿಂದ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿಕೊಂಡು ಊರಿಗೆ ಬಂದವರು. ಬಂದ ಮೇಲೆ ಒಂದು ವರ್ಷ ಗೋಡೆ ನೋಡುತ್ತಾ ಮಲಗಿದ್ದರಂತೆ, ಹೆಂಡತಿಯ ಹತ್ತಿರ ನೀರು ಕೇಳುವುದು ಬಿಟ್ಟರೆ ಬೇರೆ ಮಾತಿಲ್ಲ. ಆಮೇಲೆ ಯಾರೋ ಹೇಳಿದರೆಂದು ಅಕ್ಕ ಒಂದು ಕಂಪ್ಯೂಟರ್ ಮತ್ತು ಮೇಜಿಗೆ ಸಿಕ್ಕಿಸುವ ಸ್ಟೇರಿಂಗ್ ತರಿಸಿದರು. ಉದ್ದುದ್ದ ರಸ್ತೆಯಲ್ಲಿ ಲಾರಿ ಓಡಿಸುವ ಒಂದು ಆಟ ಉಂಟಲ್ಲ, ಅದು. ಮನುಷ್ಯ ಎದ್ದು ಕೂತರು. ದಿನಾ ಬೆಳಿಗ್ಗೆ ಗಂಜಿ ಊಟ ಆದ ಮೇಲೆ ಅವರು ಲಾರಿ ಓಡಿಸುವುದು, ಅಕ್ಕ ಹಿಂದೆ ಒಂದು ಸ್ಟೂಲ್ ಹಾಕಿಕೊಂಡು ಬೀಡಿ ಕಟ್ಟುತ್ತಾ ಕೂರುವುದು. ಇಂಥ ತಿರುವಿನಲ್ಲಿ ಹೀಗಾಗಿತ್ತು, ಇಂಥ ಕಡೆ ಚಾ ಕುಡಿಯುತ್ತಿದ್ದೆವು ಎಂದು ಅವರು ಹೇಳುತ್ತಾ ಹೋಗುವರು. ಮದುವೆಯಾಗಿ ಅಷ್ಟು ವರ್ಷದಲ್ಲಿ ತಾನು ಗಂಡನ ಗಾಡಿಯಲ್ಲಿ ಕೂತದ್ದು ಈಗಲೇ ಎಂದು ಅಕ್ಕ ಒಮ್ಮೆ ನನ್ನಲ್ಲಿ ಹೇಳಿದ್ದರು. ಕಂಪ್ಯೂಟರಿನ ಫ್ಯಾನು ಶಬ್ದ ಮಾಡುತ್ತದೆ ಎಂದು ತಂದಿದ್ದ ದಿನ ಅದು.

ಆ ಫ್ಯಾನನ್ನು ಬದಲಿಸಿದ್ದು ಮಾಸ್ಟ್ರು. ನಾನು ಆ ದಿನ ಮಧ್ಯಾಹ್ನದ ಮೇಲೆ ಉಜಿರೆಯ ಒಂದು ಕಾಲೇಜಿಗೆ ಕೆಲಸಕ್ಕೆ ಹೋಗಿದ್ದೆ. ಹೊಸ ಕೂಲರ್, ಅಂದರೆ ಫ್ಯಾನು ಮತ್ತು ಅದರಡಿಯ ಬಿಸಿ ಹೀರುವ ಲೋಹದ ತುಂಡು, ಕೂರಿಸಿ, ಒಳಗೆ ತಮ್ಮ ರೂಢಿಯಂತೆ ಮಾರ್ಕರಿನಲ್ಲಿ ತಾರೀಕು ಮತ್ತು ಸಹಿ ಹಾಕಿ ಕೊಟ್ಟಿದ್ದರು. ಮರುದಿನ ಆಯುಧಪೂಜೆ. ಅಕ್ಕ ಮನೆಯಲ್ಲಿ ಕತ್ತಿ, ಹಾರೆ, ಹೊಲಿಗೆ ಮಿಷನಿಗೆ ಗಂಧ ಹಚ್ಚಿದಂತೆ ಕಂಪ್ಯೂಟರಿಗೂ ಹಚ್ಚಿದರು. ಮೇಲೆ ಹಿಂಗಾರ ಇಟ್ಟರು. ಹಿಂಗಾರ ಎಂದರೆ ಅಡಿಕೆಯ ಹೂಗೊಂಚಲು, ಅಕ್ಕಿಕಾಳಿನಂಥ ಮೊಗ್ಗು ಮುಟ್ಟಿದರೆ ಉದುರುತ್ತದೆ. ಗಂಡ ಆರತಿಗೆ ಕೈ ಮುಗಿದು, ಕೂತು, ಲಾರಿ ಹೊರಡಿಸಿದರು. ಇಪ್ಪತ್ತು ನಿಮಿಷಕ್ಕೆ ಕಂಪ್ಯೂಟರ್ ತಟ್ಟನೆ ಆರಿಹೋಯಿತು. ಮತ್ತೆ ಹಾಕಿದರೆ ಹತ್ತು ನಿಮಿಷ. ಬೇರೆ ಕೆಲಸಕ್ಕೆ ಏನೂ ತೊಂದರೆಯಿಲ್ಲ, ಆಟ ಶುರು ಮಾಡಿದರೆ ಮಾತ್ರ ಹೀಗೆ.

ಇದು ಬಿಸಿಯ ತೊಂದರೆ ಎಂದು ಕಸುಬಿನವರಿಗೆ ಕೂಡಲೇ ಗೊತ್ತಾಗುತ್ತದೆ. ಆಟಕ್ಕೆ ಪ್ರೊಸೆಸರ್ ಹೆಚ್ಚು ದುಡಿಯಬೇಕು, ದುಡಿದರೆ ಬಿಸಿಯಾಗುತ್ತದೆ, ಬಿಸಿ ಮೇಲಿನ ಕೂಲರಿಗೆ ಹೋಗದಿದ್ದರೆ ಸುಟ್ಟುಹೋಗುವ ಮೊದಲು ಕಂಪ್ಯೂಟರ್ ತಾನೇ ಆರಿಕೊಳ್ಳುತ್ತದೆ. ಅಕ್ಕ ಬಸ್ಸಿನಲ್ಲಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ತಂದರು. ಮಾಸ್ಟ್ರು ಮೂಗು ಹಿಡಿದರು, ಗಂಧ ಎಂದರು, ಮುಚ್ಚಳ ತೆಗೆದರು. ಫ್ಯಾನಿನ ರೆಕ್ಕೆಗಳ ಸಂದಿಯಲ್ಲಿ ಹಿಂಗಾರದ ಮೊಗ್ಗು. ನೀವು ಎಂತ ಮಾಡಿದ್ರಿ ಎಂಬ ಪ್ರಶ್ನೆಗೆ ಅಕ್ಕ ಮುಚ್ಚುಮರೆಯಿಲ್ಲದೆ, ಪೂಜೆ ಮಾಡಿದೆ, ಅದು ಅವರ ಗಾಡಿ ಅಲ್ವಾ ಎಂದರು.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮಾಸ್ಟ್ರು ಬ್ರಶ್ಶಿನಿಂದ ಮೊಗ್ಗುಗಳನ್ನು ತೆಗೆದು ಬಾಟಲಿಗೆ ಹಾಕಿ, ಅಕ್ಕನ ಎದುರೇ ಮನೆಯ ಹೆಸರು ಬರೆದು ಅಂಟಿಸಿದರು. ಒಮ್ಮೆ ಆಟ ಹಾಕಿ ನೋಡುವ ಎಂದು ನಾನು ಹೇಳಿದ್ದಕ್ಕೆ, ಕಾರಣ ಸಿಕ್ಕಿದ ಮೇಲೆ ಪರೀಕ್ಷೆ ಎಂತಕ್ಕೆ ಎಂದರು. ಅವರ ರೀತಿಯೇ ಅದು. ತಪ್ಪು ಮಾಡಿದವರು ಸಿಕ್ಕಿದರೆ ಕೆಲಸ ಮುಗಿಯಿತು.

ಮನೆಗೆ ಹೋದ ಕಂಪ್ಯೂಟರ್ ಮತ್ತೆ ಆರಿತು. ಈಗ ಗಂಡನಿಗೆ ಕಾರಣ ಗೊತ್ತಿತ್ತಲ್ಲ. ಹೆಂಡತಿ ಆ ಕೋಣೆಗೆ ಕಾಲಿಡಬಾರದು ಎಂದು ತಾಕೀತು ಮಾಡಿದರು. ಅಕ್ಕ ಸ್ಟೂಲು ತೆಗೆದುಕೊಂಡು ಜಗಲಿಗೆ ಬಂದರು. ಆಟ ನಿಂತಾಗಲೆಲ್ಲ ಒಳಗಿನಿಂದ ಬೈಗುಳ. ಒಂದು ತಿಂಗಳು ಹೀಗೆ ನಡೆದು, ಕೊನೆಗೆ ಗಂಡ, ತಾನೂ ಬರುತ್ತೇನೆ, ಮಾಸ್ಟ್ರ ಬಾಯಿಂದಲೇ ಕೇಳುತ್ತೇನೆ, ಈ ಸಲವೂ ನಿನ್ನ ಕಿತಾಪತಿ ಎಂದಾದರೆ ಮೂಡುಬಿದಿರೆಗೆ ತಂಗಿಯ ಮನೆಗೆ ಹೋಗುವವನೇ, ಮತ್ತೆ ಈ ಮನೆಗಿಲ್ಲ ಎಂದರಂತೆ. ಇದನ್ನು ಅಕ್ಕ ಕೌಂಟರಿನಲ್ಲಿ ನಿಂತು ನನಗೆ ಮೆಲ್ಲ ಹೇಳಿದರು. ಗಂಡ ಹೊರಗೆ ರಿಕ್ಷಾದಲ್ಲಿ ಕೂತಿದ್ದರು. ನಮ್ಮ ಅಂಗಡಿಯ ಮೂರು ಮೆಟ್ಟಿಲು ಅವರಿಂದ ಹತ್ತಲಾಗುತ್ತಿರಲಿಲ್ಲ.

ಈ ಸಲ ಬಿಚ್ಚಿದ್ದು ನಾನು. ಫ್ಯಾನು ಚೊಕ್ಕ ಇತ್ತು, ಒಂದು ಮೊಗ್ಗೂ ಇಲ್ಲ. ಕೂಲರನ್ನೇ ಎತ್ತಿದೆ. ಹೊಸ ಕೂಲರಿನ ಅಡಿಗೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಕೂರಿಸುವ ಮೊದಲು ಸುಲಿದು ತೆಗೆಯಬೇಕು, ಇಲ್ಲದಿದ್ದರೆ ಬಿಸಿ ಕೂಲರಿಗೆ ದಾಟುವುದಿಲ್ಲ. ಅದು ಅಲ್ಲೇ ಇತ್ತು. ಬಿಸಿಗೆ ಸುಕ್ಕಾಗಿ, ಅಂಚು ಹಳದಿಯಾಗಿ. ಅದರ ಪಕ್ಕದಲ್ಲೇ ಮಾಸ್ಟ್ರ ಸಹಿ. ಕೆಲಸಕ್ಕೆ ಸೇರಿದ ಮೊದಲ ವಾರ ಅವರೇ ನನಗೆ ಕಲಿಸಿದ ಪಾಠ ಅದು: ಮೊದಲು ಸುಲಿ, ಆಮೇಲೆ ಕೂರಿಸು.

ಅಂಗೈಯಲ್ಲಿಟ್ಟು ಅವರಿಗೆ ತೋರಿಸಿದೆ. ಅವರು ನೋಡಿದರು. ಹಾಳೆಯನ್ನು ಎರಡಾಗಿ ಮಡಚಿ ಪೆನ್ನುಗಳ ಹಿಂದೆ ಜೇಬಿಗೆ ಇಳಿಸಿದರು. ಪೇಸ್ಟ್ ಹಾಕಿ ಕೂರಿಸು ಎಂದರು. ಕೂರಿಸಿದೆ. ಆಟ ಹಾಕು ಎಂದರು. ಹಾಕಿದೆ. ಅರ್ಧ ಗಂಟೆ ಲಾರಿ ಮರುಭೂಮಿಯಲ್ಲಿ ಓಡಿತು, ಒಮ್ಮೆಯೂ ನಿಲ್ಲಲಿಲ್ಲ. ಮಾಸ್ಟ್ರು ಹಿಂದಿನ ಜಾಲರಿಗೆ ಕೈ ಹಿಡಿದು ನಿಂತೇ ಇದ್ದರು. ಈಗ ಹೇಳುತ್ತಾರೆ, ಹೋಗಿ ರಿಕ್ಷಾದ ಹತ್ತಿರ ನಿಂತು ನನ್ನದೇ ತಪ್ಪು ಎನ್ನುತ್ತಾರೆ ಎಂದು ನಾನು ನಂಬಿದ್ದೆ. ಇಂಥ ಮನುಷ್ಯ ಹೇಳದಿದ್ದರೆ ಇನ್ನು ಯಾರು ಹೇಳುತ್ತಾರೆ?

ಮಾಸ್ಟ್ರು ಹಲಗೆಯಿಂದ ಸಿದ್ಧಕಟ್ಟೆಯ ಬಾಟಲಿ ಇಳಿಸಿದರು. ಮುಚ್ಚಳ ತೆಗೆದು ಒಂದು ಚಿಟಿಕೆ ಹಿಂಗಾರವನ್ನು ಅಂಗೈಗೆ ಹಾಕಿಕೊಂಡರು. ಕೌಂಟರಿನ ಬದಿಯಿಂದ ಹಾದು, ಮೆಟ್ಟಿಲಿನ ಮೇಲೆ ನಿಂತು, ರಿಕ್ಷಾದೊಳಗೆ ಕೂತಿದ್ದವರಿಗೆ ಕಾಣುವಂತೆ ಕೈ ಬಿಚ್ಚಿದರು.

"ಈ ಸಲ ನಾನು ಆ ಕೋಣೆಗೆ ಹೋಗ್ಲೇ ಇಲ್ಲ ಮಾಸ್ಟ್ರೆ," ಎಂದರು ಅಕ್ಕ.

"ಹಾಗಾದ್ರೆ ಹಿಂಗಾರ ನಡ್ಕೊಂಡು ಬಂತಾ ಅಕ್ಕ?"

ಅಕ್ಕ ಗಂಡನ ಕಡೆ ನೋಡಲಿಲ್ಲ, ಮಾಸ್ಟ್ರ ಕಡೆಯೂ ನೋಡಲಿಲ್ಲ. ತಿರುಗಿ ನನ್ನನ್ನು ನೋಡಿದರು. ನಾನು ಬಗ್ಗಿ ಮೇಜಿನಡಿಯಲ್ಲಿ ಸ್ಕ್ರೂ ಹುಡುಕಿದೆ. ಯಾವ ಸ್ಕ್ರೂವೂ ಬಿದ್ದಿರಲಿಲ್ಲ.

ಎದ್ದಾಗ ಗಂಡ ರಿಕ್ಷಾದವನಿಗೆ ಮೂಡುಬಿದಿರೆ ಎನ್ನುವುದು ಕೇಳಿಸಿತು. ಕಂಪ್ಯೂಟರನ್ನು ರಿಕ್ಷಾಕ್ಕೆ ಹೊತ್ತು ಹಾಕಿದವನು ನಾನೇ. ಅಕ್ಕ ಹತ್ತಲು ಹೋದಾಗ, ಅವಳು ಬಸ್ಸಲ್ಲಿ ಮನೆಗೆ ಹೋಗ್ಲಿ ಎಂದು ಅವರು ನನ್ನ ಹತ್ತಿರ ಹೇಳಿದರು, ಹೆಂಡತಿಯ ಹತ್ತಿರವಲ್ಲ. ತಂಗಿಯ ಮನೆಯಲ್ಲಿ ಕಂಪ್ಯೂಟರ್ ಒಂದು ದಿನವೂ ನಿಲ್ಲದೆ ಓಡಿತು. ಓಡದೆ ಏನು, ಹಾಳೆ ಹೋಗಿತ್ತಲ್ಲ. ಆದರೆ ಸಿದ್ಧಕಟ್ಟೆಯಿಂದ ಮೂಡುಬಿದಿರೆಯ ತನಕ ಅಷ್ಟೂ ನೆಂಟರಿಗೆ ಅದೇ ಸಾಕ್ಷಿಯಾಯಿತು. ಅವಳ ಕೈ ತಪ್ಪಿದ ಮೇಲೆ ಹೇಗೆ ಸರಿಯಾಯಿತು ನೋಡಿ ಎಂದು. ಮಾಸ್ಟ್ರು ಗಿರಾಕಿಗಳಿಗೆ ಬಾಟಲಿ ತೋರಿಸಿ, ಯಂತ್ರ ಅದೇ, ಮನೆ ಮಾತ್ರ ಬದಲಾದದ್ದು ಎಂದು ವರ್ಷಗಟ್ಟಲೆ ಹೇಳಿದರು.

ನಾನು ಒಮ್ಮೆ ಮಾತ್ರ ಕೇಳಿದೆ. ಅದಾಗಿ ಒಂದು ವಾರಕ್ಕೆ, ಅಂಗಡಿಯಲ್ಲಿ ಯಾರೂ ಇಲ್ಲದಾಗ. ಹಾಗೆ ಮಾಡಬಹುದಿತ್ತಾ ಮಾಸ್ಟ್ರೆ ಎಂದೆ. ಅವರು ಬಾಯಿಯ ಸ್ಕ್ರೂಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡರು.

"ಗಿರಾಕಿಗೆ ನಮ್ಮ ಮೇಲೆ ನಂಬಿಕೆ ಬೇಕು ಮಾರಾಯ. ಹೆಂಡತಿ ಮೇಲೆ ಇಲ್ಲದಿದ್ರೂ ನಡೀತದೆ."

ಹೇಳಿ ಮತ್ತೆ ಸ್ಕ್ರೂ ಬಾಯಿಗಿಟ್ಟುಕೊಂಡರು. ನನಗೆ ಆ ಕ್ಷಣ ಅವರ ಮೇಲೆ ಅಸಹ್ಯ ಹುಟ್ಟಿತು, ಅದು ಇವತ್ತಿಗೂ ಹೋಗಿಲ್ಲ. ಆದರೆ ಅವರಿಗೆ ಮಕ್ಕಳಿರಲಿಲ್ಲ, ಅಂಗಡಿ ಮುಂದೆ ನಿನಗೇ ಎಂದು ಆಗಲೇ ಹೇಳಿದ್ದರು. ಅಸಹ್ಯವನ್ನೂ ಅಂಗಡಿಯನ್ನೂ ಒಟ್ಟಿಗೆ ಇಟ್ಟುಕೊಳ್ಳಲು ನನಗೆ ಏನೂ ಕಷ್ಟವಾಗಲಿಲ್ಲ.

ನುಡಿನಮನದ ನಂತರದ ಆದಿತ್ಯವಾರ ಬಾಟಲಿಯನ್ನು ಚೀಲದಲ್ಲಿ ಹಾಕಿಕೊಂಡು ಸಿದ್ಧಕಟ್ಟೆಗೆ ಹೋದೆ. ಕೈ ತೊಳೆಯುವಲ್ಲಿ ಕೇಳಿದವರ ಪ್ರಶ್ನೆ ಬೆನ್ನು ಬಿಟ್ಟಿರಲಿಲ್ಲ. ಅಕ್ಕ ಅದೇ ಮನೆಯಲ್ಲಿದ್ದರು, ಜಗಲಿಯಲ್ಲಿ ಬೀಡಿ ಕಟ್ಟುತ್ತಾ, ಅದೇ ಸ್ಟೂಲಿನಲ್ಲಿ. ಕೂದಲು ಬೆಳ್ಳಗಾಗಿತ್ತು. ಮಾಸ್ಟ್ರು ಹೋದರು ಎಂದೆ. ಕೇಳಿದೆ ಎಂದರು. ಬೆಲ್ಲ, ನೀರು ಕೊಟ್ಟು ಮತ್ತೆ ಬೀಡಿಗೆ ಕೂತರು. ನಾನು ಚೀಲದಿಂದ ಬಾಟಲಿ ತೆಗೆದು ಜಗಲಿಯ ದಂಡೆಯ ಮೇಲಿಟ್ಟು, ಪ್ಲಾಸ್ಟಿಕ್ ಹಾಳೆಯಿಂದ ಹಿಡಿದು ಚಿಟಿಕೆ ಹಿಂಗಾರದ ತನಕ ಎಲ್ಲ ಹೇಳಿದೆ. ಅವರ ಕೈ ಎಲೆ ಸುತ್ತುವುದನ್ನು ನಿಲ್ಲಿಸಲಿಲ್ಲ.

"ನೀವು ಅಂಗೈಯಲ್ಲಿ ಎಂತದೋ ಅವರಿಗೆ ತೋರಿಸಿದ್ದು ನಾನು ಅವತ್ತೇ ಕಂಡಿದ್ದೆ," ಎಂದರು. "ಹೊಳೀತಿತ್ತು. ಹಿಂಗಾರ ಹೊಳೀತದಾ? ನೀವು ಹೇಳ್ತೀರಿ ಅಂತ ಕಾದೆ. ನೀವು ಸ್ಕ್ರೂ ಹುಡುಕಿದ್ರಿ."

ತಪ್ಪಾಯಿತು ಅಕ್ಕ ಎಂದೆ. ಕಣ್ಣಲ್ಲಿ ನೀರು ಬಂತು. ಅದನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ. ಬೀಡಿಯ ಮೊರವನ್ನು ಪಕ್ಕಕ್ಕಿಟ್ಟರು.

"ಅವರು ಇನ್ನೂ ಇದ್ದಾರೆ, ತಂಗಿಯ ಮನೆಯಲ್ಲೇ. ಈಗ ಕಣ್ಣು ಕಾಣುದಿಲ್ಲಂತೆ, ಆಟವೂ ಇಲ್ಲ, ಎಂತದೂ ಇಲ್ಲ. ನಾನು ಹೋದ್ರೆ ಬಾಗಿಲಿಂದಲೇ ಕಳಿಸ್ತಾರೆ. ಬನ್ನಿ, ಮೂಡುಬಿದಿರೆಗೆ ಹೋಗುವ. ಈಗ ನನಗೆ ಹೇಳಿದ್ರಲ್ಲ, ಅದನ್ನೇ ಅಲ್ಲಿ ಹೇಳಿ."

ಉತ್ತರಕ್ಕೆ ಕಾಯದೆ ಸೀರೆ ಬದಲಿಸಲು ಒಳಗೆ ಹೋದರು. ಕಪಾಟಿನ ಬಾಗಿಲು ತೆರೆಯುವ ಶಬ್ದ ಕೇಳಿಸಿತು. ನಾನು ಜಗಲಿಯಲ್ಲಿ ಕೂತು ಯೋಚಿಸಿದೆ. ಆ ತಂಗಿಯ ಮನೆಯ ಸುತ್ತ ನನಗೆ ಎಷ್ಟು ಗಿರಾಕಿಗಳಿದ್ದಾರೆ ಎಂದು ಯೋಚಿಸಿದೆ. ಕಾರಣ ಹೇಳಿ ಕೊಡುವ ಅಂಗಡಿ ಈಗ ನನ್ನದು, ಅಲ್ಲಿ ಇಂಥದ್ದೆಲ್ಲ ನಡೆದಿತ್ತು ಎಂದು ನಾನೇ ಹೋಗಿ ಹೇಳಿದರೆ ನಾಳೆ ಮೆಟ್ಟಿಲು ಹತ್ತುವವರು ಯಾರು ಎಂದು ಯೋಚಿಸಿದೆ. ಅಕ್ಕ ಹೊರಗೆ ಬರುವಾಗ ಇಸ್ತ್ರಿಯ ಮಡಿಕೆ ಹೋಗದ ಸೀರೆ ಉಟ್ಟಿದ್ದರು. ತಲೆ ಬಾಚಿದ್ದರು. ಕೈಯಲ್ಲಿ ಛತ್ರಿ.

"ಇವತ್ತು ಅಂಗಡಿಗೆ ಒಬ್ರು ಬರ್ಲಿಕ್ಕುಂಟು ಅಕ್ಕ," ಎಂದೆ. "ಬರುವ ಆದಿತ್ಯವಾರ ಹೋಗುವ."

ಆದಿತ್ಯವಾರ ನಮ್ಮ ಅಂಗಡಿ ತೆರೆಯುವುದಿಲ್ಲ ಎಂದು ತಾಲೂಕಿಗೆಲ್ಲ ಗೊತ್ತು. ಅಕ್ಕ ಆಯ್ತು ಎಂದರು. ಛತ್ರಿಯನ್ನು ಗೋಡೆಗೆ ಒರಗಿಸಿ, ಆ ಸೀರೆಯಲ್ಲೇ ಸ್ಟೂಲಿನ ಮೇಲೆ ಕೂತು ಮೊರ ಎಳೆದುಕೊಂಡರು. ಬಾಟಲಿ ಇಲ್ಲೇ ಇರಲಿ ಎಂದದ್ದಕ್ಕೆ, ಅದು ನಿಮ್ಮ ಅಂಗಡಿಯದ್ದು, ತೆಗೊಂಡು ಹೋಗಿ ಎಂದರು.

ಆಮೇಲೆ ಒಂಬತ್ತು ಆದಿತ್ಯವಾರ ಹೋಯಿತು. ಬಾಟಲಿ ಹಲಗೆಯಲ್ಲಿ ಮೊದಲಿನ ಜಾಗದಲ್ಲೇ ಇದೆ. ಸಿದ್ಧಕಟ್ಟೆಯ ಮನೆಯ ಹೆಸರನ್ನು ಒದ್ದೆ ಬಟ್ಟೆಯಿಂದ ಉಜ್ಜಿ ತೆಗೆದಿದ್ದೇನೆ, ಅಷ್ಟು ಮಾಡಿದ್ದೇನೆ. ಬೇರೆ ಹೆಸರು ಬರೆದಿಲ್ಲ. ಎಲ್ಲ ಬಾಟಲಿಗೂ ಹೆಸರುಂಟು, ಇದೊಂದು ಯಾರದ್ದು ಎಂದು ಗಿರಾಕಿಗಳು ಕೇಳುತ್ತಾರೆ. ಆಗ ನಾನು ಎದುರಿಗಿದ್ದ ಯಾವುದಾದರೂ ಕಂಪ್ಯೂಟರಿನ ಎರಡು ಸ್ಕ್ರೂ ಬಿಚ್ಚಿ ತುಟಿಗಳ ನಡುವೆ ಕಚ್ಚಿಕೊಳ್ಳುತ್ತೇನೆ.